ಕೂಪನ್ ಕತ್ತರಿಸಿದ ಜಾಗ

ನೆಬ್ರಾಸ್ಕದ ಒಂದು ಹರಾಜಿನಲ್ಲಿ ಎರಡು ಡಾಲರಿಗೆ ಸಿಕ್ಕ ಕಟ್ಟು:
ಸಾವಿರದ ಒಂಬೈನೂರ ಹನ್ನೆರಡರ ಮಾಸಪತ್ರಿಕೆಗಳು,
ಇಲಿ ತಿಂದ ಅಂಚು, ಸೀಮೆಎಣ್ಣೆಯ ವಾಸನೆ.
ನಾನು ಕೊಂಡದ್ದು ಕತೆಗಲ್ಲ, ಜಾಹೀರಾತಿಗೆ.
ಮುರಿದ ಮ್ಯಾಂಡೊಲಿನ್ ಕೂಡಿಸುವುದು ನನ್ನ ಹೊಟ್ಟೆಪಾಡು.
ಯಾವ ಮಾದರಿಗೆ ಎಂಥ ಕುದುರೆ, ಎಂಥ ಬಿರಡೆ,
ಕಂಡಿಯ ಸುತ್ತ ಚಿಪ್ಪಿನ ಕುಸುರಿ ಎಷ್ಟು ಸುತ್ತು,
ಈ ಹಾಳೆಗಳಷ್ಟು ಖಚಿತವಾಗಿ ಹೇಳುವವರು
ಈಗ ಯಾರೂ ಉಳಿದಿಲ್ಲ.

ಸುಳ್ಳನ್ನೂ ಅಷ್ಟೇ ಖಚಿತವಾಗಿ ಹೇಳುತ್ತವೆ.
"ಮೂರೇ ವಾರದಲ್ಲಿ ಕಲಿಯಿರಿ."
"ಇನ್ನು ನಿಮ್ಮ ಸಂಜೆಗಳು ಒಂಟಿಯಲ್ಲ."
ದೋಣಿಯಲ್ಲಿ ಬಿಳಿ ಅಂಗಿಯ ಹುಡುಗಿ, ತೊಡೆಯ ಮೇಲೆ ಗಿಟಾರು,
ಎಡಗೈಯ ಐದು ಬೆರಳೂ ತಂತಿಯ ಮೇಲೆ,
ಹೆಬ್ಬೆರಳೂ ಸೇರಿ! ಚಿತ್ರ ಬರೆದವನು
ಗಿಟಾರನ್ನು ಅಂಗಡಿ ಗಾಜಿನಾಚೆಯಷ್ಟೇ ಕಂಡಿದ್ದನೇನೋ.
ಮುಂದಿನ ಪುಟದಲ್ಲಿ ಹುರಿಮೀಸೆಯ ಏಜೆಂಟ:
"ಊರಿಗೊಬ್ಬ ಮೇಷ್ಟ್ರು ಬೇಕು.
ಆರು ಮಾರಿದರೆ ಏಳನೆಯದು ಪುಕ್ಕಟೆ."
ಅವನ ಕಾಲ ಕೆಳಗೆ ಆಣಿಗೆ ಮುಲಾಮು,
ಮುಲಾಮಿನ ಕೆಳಗೆ ಕಿವುಡರಿಗೆ ತುತ್ತೂರಿ.

ನವೆಂಬರ್ ಸಂಚಿಕೆ, ನಲವತ್ತೊಂದನೆಯ ಪುಟ:
ಅಲ್ಲೊಂದು ಕಿಟಕಿ.
ಬಲಮೂಲೆಯಲ್ಲಿ, ಇಸ್ಪೀಟೆಲೆಯಷ್ಟು.
ಕತ್ತರಿ ಮೊಂಡಿರಬೇಕು, ಅಂಚೆಲ್ಲ ಹಲ್ಲುಹಲ್ಲು.
"ವಾರಕ್ಕೆ ಐವತ್ತು ಸೆಂಟು" ಉಳಿದಿದೆ,
"ಹೆಸರು, ಊರು, ಕೌಂಟಿ" ಅಂಚೆಗೆ ಹೋಗಿದೆ.
ನೆತ್ತಿಯ ಖಾಲಿಯಲ್ಲಿ ಪೆನ್ಸಿಲಿನ ಲೆಕ್ಕ:
ಹತ್ತೊಂಬತ್ತು ಡಾಲರು. ಮೂವತ್ತೆಂಟು ವಾರ.
ಮೊಟ್ಟೆ ಡಜನ್ನಿಗೆ ಹದಿನಾರು ಸೆಂಟಾದರೆ
ವಾರಕ್ಕೆ ಮೂವತ್ತೆಂಟು ಮೊಟ್ಟೆ.
ಎರಡೂ ಮೂವತ್ತೆಂಟಾದ ಸಂತೋಷಕ್ಕೆ
ಅಡಿಯಲ್ಲಿ ಎರಡು ಗೆರೆ. ಪಕ್ಕದಲ್ಲಿ ಹೆಸರು,
ಬರೆದು ರೂಢಿಮಾಡಿಕೊಂಡಂತೆ ಮೂರು ಸಲ: ಒಟಿಲೀ ಕುಬಾಟ್.

ಹಿಮ ಬಿದ್ದರೆ ಕೋಳಿ ಮೊಟ್ಟೆಯಿಡದು
ಎಂಬುದು ಲೆಕ್ಕದಲ್ಲಿಲ್ಲ.

ಹಾಳೆ ತಿರುವಿದೆ.
ಬೆನ್ನಿಗೆ ಧಾರಾವಾಹಿ, ನಾಲ್ಕನೆಯ ಕಂತು:
ವಿಧವೆಯೊಬ್ಬಳು ನಡುಗುವ ಕೈಯಲ್ಲಿ ಪತ್ರ ಒಡೆಯುತ್ತಾಳೆ,
ಅದರಲ್ಲಿ ಬರೆದಿತ್ತು
ಕಿಟಕಿ.
ಆಮೇಲೆ "ಎಂದು ಕೂಗಿ ಅವಳು ಕುಸಿದಳು."

ಒಂದು ಮ್ಯಾಂಡೊಲಿನ್ನಿಗೆ ಒಂದು ಕತೆಯ ಕರುಳು.

ಆ ಜಾಗಕ್ಕೆ ಸರಿಯಾಗಿ ಕತ್ತರಿಸಿ,
ಗುಂಡುಸೂಜಿ ಚುಚ್ಚಿ, ದಿನಸಿ ಕಾಗದದ ಚೀಟಿಗಳು, ನಾಲ್ಕು.
ಚೆಕ್ ಭಾಷೆ, ನನಗೆ ಬಾರದು.
ಬೇಕರಿಯ ಮಿಲಾಡಾ ಹಿಟ್ಟಿನ ಕೈ ಒರೆಸಿಕೊಂಡು ಓದಿದಳು.
ತಮ್ಮನ ಕೈಬರಹವಿರಬೇಕು, ಮೂಲೆಯಲ್ಲಿ "ವೆಂಡೆಲೀನ್" ಎಂದಿದೆ.
ಇಂಗ್ಲಿಷ್ ಬಾರದ ಅಮ್ಮನಿಗೆ ಕತೆ ಓದಿ ಹೇಳುವವನು
ತೂತನ್ನು ದಾಟಿಸಬೇಡವೇ?

ಒಂದರಲ್ಲಿ: "ನಿನ್ನ ಗಂಡ ಸತ್ತಿಲ್ಲ, ಒಮಾಹಾದಲ್ಲಿ ಸಲೂನು ಇಟ್ಟಿದ್ದಾನೆ."
ಇನ್ನೊಂದರಲ್ಲಿ: "ಹಸುವಿಗೆ ಹಾಲು ಬತ್ತಿದೆ, ಬಾ."
ಅಮ್ಮ ಮೊದಲನೆಯದನ್ನು ಒಪ್ಪಲಿಲ್ಲವೇನೋ.
ಮತ್ತೊಂದರಲ್ಲಿ: "ಒಟಿಲೀ, ಅದರ ಕಿವಿ ಹಿಂಡಿದ್ದು ಸಾಕು,
ಮಲಗು, ನಾಳೆ ಜೋಳ ಸುಲಿಯುವುದಿದೆ."
ಅಂದರೆ ಬಂದಿತ್ತು! ಬಂದಿತ್ತು!
ಹತ್ತೊಂಬತ್ತು ಡಾಲರಿನದು, ಆ ಮನೆಯೊಳಗೆ,
ಎಂಟು ತಂತಿಯೂ ಒಂದಕ್ಕೊಂದು ಜಗಳವಾಡುತ್ತ.
ಬೇಕರಿಯಲ್ಲಿ ನಾನು ಮೇಜು ಬಡಿದೆ,
ಮಿಲಾಡಾ ನಕ್ಕಳು, ನಾಲ್ಕನೆಯದನ್ನು ಎತ್ತಿಕೊಂಡಳು,
ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿಕೊಂಡಳು.

"ಒಟಿಲೀ, ಈಚೆಗೆ ಯಾಕೆ ನುಡಿಸುವುದಿಲ್ಲ?"

ಯಾವುದು ಮೊದಲು, ಯಾವುದು ಕೊನೆ,
ಸೂಜಿಯ ತೂತು ಹೇಳುವುದಿಲ್ಲ. ತಾರೀಖಿಲ್ಲ.
ನಾಲ್ಕನೆಯದೇ ಮೊದಲಿರಬಹುದಲ್ಲ ಎಂದೆ.
ಇರಬಹುದು ಎಂದಳು ಮಿಲಾಡಾ, ಬನ್ನಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ನನ್ನ ಮೇಜಿನ ಮೇಲೆ ಅದೇ ಮಾದರಿಯದೊಂದಿದೆ,
ಹೊಟ್ಟೆ ಬಿರಿದು, ಎರಡು ಬಿರಡೆ ಕಳೆದು.
ಅವಳದಲ್ಲ. ಅಂಥವು ಸಾವಿರ ಇದ್ದಾವು.
ಇದರ ಯಜಮಾನ ಶನಿವಾರ ಬರುತ್ತಾನೆ,
ಗೋಡೆಗೆ ತೂಗುಹಾಕಲು ಚೆನ್ನಾಗಿ ಕಂಡರೆ ಸಾಕಂತೆ,
ನುಡಿಯದಿದ್ದರೂ ನಡೆಯುತ್ತದಂತೆ.

ನಾನು ಎಂಟೂ ತಂತಿ ಹಾಕಿದ್ದೇನೆ.